ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರೆ ನಿಜಕ್ಕೂ ಏನಾದರೂ ಆಗುತ್ತಾ?

ಹೊಸಪೇಟೆ ಹುಡುಗಿ:
ಎರಡು ಬೇರೆ ಬೇರೆ ವಿಷಯ, ಒಂದೇ ಪ್ರಶ್ನೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಅಡ್ವಾನ್ಸ್ ಎಷ್ಟು, ನೀರು ಯಾವಾಗ ಬರುತ್ತೆ, ಎಲ್ಲಾ ಮಾತಾಡಿ ಮುಗಿದಿತ್ತು. ಕೊನೆಗೆ ಓನರ್ ಆಂಟಿ "ನಿಮ್ಮ ಕಡೆ ಯಾರು?" ಅಂದರು. ಹೇಳಿದೆ. ಸಂಜೆ ಫೋನ್ ಬಂತು, ಮನೆ ಬೇರೆಯವರಿಗೆ ಆಯ್ತಂತೆ. ಟು-ಲೆಟ್ ಬೋರ್ಡ್ ಇನ್ನೂ ಅಲ್ಲೇ ನೇತಾಡ್ತಿದೆ.

ಎರಡನೆಯದು ಊರಿನದು. ನಮ್ಮ ಚಿಕ್ಕಪ್ಪನನ್ನು ಯಾವುದೋ ಕಳ್ಳತನದ ಕೇಸಿನ ವಿಚಾರಣೆ ಎಂದು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಎರಡು ರಾತ್ರಿ ಇಟ್ಟುಕೊಂಡರು. ಅರೆಸ್ಟ್ ಎಂದು ಎಲ್ಲೂ ಬರೆದಿಲ್ಲ. ಹೊಡೆದಿದ್ದಾರೆ. ಆಮೇಲೆ "ತಪ್ಪಾಯ್ತು, ಹೋಗು" ಎಂದು ಕಳಿಸಿದರು.

ಎರಡಕ್ಕೂ ದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಬರಿ ಎಂದು ಗೆಳತಿ ಹೇಳ್ತಿದ್ದಾಳೆ. ಬರೆದರೆ ಏನಾದರೂ ಉಪಯೋಗ ಇದೆಯಾ?

ಬೆಣ್ಣೆದೋಸೆ:
ಏನೂ ಆಗಲ್ಲ. ರಿಟೈರ್ ಆದ ಜಡ್ಜ್‌ಗಳಿಗೆ ಕಾರು, ಬಂಗಲೆ ಕೊಡೋಕೆ ಅಂತ ಇರೋ ಜಾಗ ಅದು. ಡಿಸೆಂಬರ್ 10ಕ್ಕೆ ಒಂದು ಭಾಷಣ, ಒಂದು ಶಾಲು, ಮುಗೀತು.

ಹಳೇ ವಕೀಲ:
ದೋಸೆಯವರ ಸಿಟ್ಟು ಅರ್ಥ ಆಗುತ್ತೆ, ಆದರೆ ಉತ್ತರ ಅಷ್ಟು ಸುಲಭ ಇಲ್ಲ.

ಮೊದಲು ಮನೆ ವಿಷಯ. ಆಯೋಗ ಹುಟ್ಟಿದ್ದು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಿಂದ. ಆ ಕಾಯ್ದೆಯ 12ನೇ ಕಲಂ ಓದಿ. ಆಯೋಗ ವಿಚಾರಣೆ ಮಾಡಬಹುದಾದದ್ದು ಸರ್ಕಾರಿ ನೌಕರರು ಹಕ್ಕು ಉಲ್ಲಂಘಿಸಿದಾಗ, ಅಥವಾ ತಡೆಯಬೇಕಾದವರು ಕಣ್ಣು ಮುಚ್ಚಿಕೊಂಡಾಗ. ಓನರ್ ಆಂಟಿ ಸರ್ಕಾರಿ ನೌಕರರಲ್ಲ, ಕನಿಷ್ಠ ಮನೆ ಬಾಡಿಗೆಗೆ ಕೊಡುವ ಹೊತ್ತಿನಲ್ಲಂತೂ ಅಲ್ಲ. ಹಾಗಾಗಿ ಅದು ಆಯೋಗದ ಬಾಗಿಲಿನ ಹೊರಗೇ ಉಳಿಯುತ್ತೆ.

ಹಾಗಂತ ಕಾನೂನೇ ಇಲ್ಲ ಎಂದಲ್ಲ. ನೀವು ಪರಿಶಿಷ್ಟ ಜಾತಿಯವರಾಗಿದ್ದು, ಅಸ್ಪೃಶ್ಯತೆಯ ಕಾರಣಕ್ಕೇ ಮನೆ ಕೊಡಲಿಲ್ಲ ಎಂದಾದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ನೋಡಿ. ಅದರಲ್ಲಿ ವಾಸದ ಮನೆಯ ವಿಷಯ ಸ್ಪಷ್ಟವಾಗಿಯೇ ಇದೆ. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೂ ಇದೆ. ಆದರೆ ಧರ್ಮದ ಕಾರಣಕ್ಕೆ, ಮಾಂಸ ತಿನ್ನುತ್ತಾರೆ ಎಂಬ ಕಾರಣಕ್ಕೆ, ಒಂಟಿ ಹೆಣ್ಣು ಎಂಬ ಕಾರಣಕ್ಕೆ ಮನೆ ಕೊಡದಿದ್ದರೆ? ಅದಕ್ಕೆ ಹೇಳಿಕೊಳ್ಳುವಂಥ ಕಾನೂನು ನಮ್ಮಲ್ಲಿ ಇಲ್ಲ.

ಚಿಕ್ಕಪ್ಪನ ವಿಷಯ ಬೇರೆ. ಅದು ಆಯೋಗದ ಕೆಲಸದ ನಟ್ಟನಡುವೆ ಬರುತ್ತೆ. ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು ಎನ್ನುವುದು ಸಂವಿಧಾನದ 22ನೇ ವಿಧಿ. ಹಿಡಿಯುವಾಗ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಡಿ.ಕೆ. ಬಸು ಕೇಸಿನಲ್ಲಿ ಹೇಳಿದೆ. ಅರೆಸ್ಟ್ ಅಂತ ಬರೆಯದೇ ಇಟ್ಟುಕೊಳ್ಳುವುದು ಇದನ್ನೆಲ್ಲ ತಪ್ಪಿಸಿಕೊಳ್ಳುವ ಹಳೇ ದಾರಿ. ಘಟನೆ ಯಾವಾಗ ಆಯ್ತು? ಒಂದು ವರ್ಷ ದಾಟಿದ್ದರೆ ಆಯೋಗ ಮುಟ್ಟುವುದಿಲ್ಲ, 36ನೇ ಕಲಂ.

ಹೊಸಪೇಟೆ ಹುಡುಗಿ:
ಹೋದ ತಿಂಗಳು ಸರ್.

ಲಂಡನ್ ಕನ್ನಡಿಗ:
ಮನೆ ವಿಷಯಕ್ಕೆ ಇಲ್ಲಿಂದ ಒಂದು ಮಾತು. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ ಇದೆ. ಅದು ಸರ್ಕಾರಕ್ಕೆ ಮಾತ್ರ ಅಲ್ಲ, ಅಂಗಡಿ, ಕಂಪನಿ, ಮನೆಮಾಲೀಕ ಎಲ್ಲರಿಗೂ ಅನ್ವಯ. ಅದನ್ನು ನೋಡಿಕೊಳ್ಳಲು ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ಇದೆ. ಮೊದಲು ಜನಾಂಗಕ್ಕೊಂದು, ಹೆಣ್ಣು-ಗಂಡು ಸಮಾನತೆಗೊಂದು, ಅಂಗವಿಕಲರಿಗೊಂದು ಬೇರೆ ಬೇರೆ ಸಂಸ್ಥೆ ಇದ್ದವು. 2007ರ ಅಕ್ಟೋಬರಿನಲ್ಲಿ ಮೂರನ್ನೂ ಸೇರಿಸಿ ಒಂದು ಮಾಡಿದರು.

ಕೆಂಟ್ ಕಡೆ ನೂರಾರು ಮನೆ ಇಟ್ಟುಕೊಂಡ ಒಬ್ಬ ಮಾಲೀಕ ತನ್ನ ಏಜೆಂಟರಿಗೆ, ಕಪ್ಪು-ಕಂದು ಬಣ್ಣದವರಿಗೆ ಮನೆ ಬೇಡ, ಅವರು ಬಿಟ್ಟು ಹೋದ ಮೇಲೂ ಕರಿ ವಾಸನೆ ಹೋಗಲ್ಲ ಎಂಬ ಅರ್ಥದಲ್ಲಿ ಬರೆದಿದ್ದ. ಕರಿ ಎಂದರೆ ನಮ್ಮ ಸಾರು-ಪಲ್ಯವೇ! ಆಯೋಗವೇ ಅವನನ್ನು ಕೋರ್ಟಿಗೆ ಎಳೆಯಿತು. 2017ರ ನವೆಂಬರಿನಲ್ಲಿ ಮೇಡ್‌ಸ್ಟನ್ ಕೋರ್ಟು ಆ ನಿಯಮಕ್ಕೆ ತಡೆ ಹಾಕಿತು. ಮನೆ ಸಿಗದವನು ಸ್ವಂತ ಖರ್ಚಿನಲ್ಲಿ ಕೋರ್ಟು ಅಲೆಯಬೇಕಾಗಲಿಲ್ಲ ಎನ್ನುವುದು ಮುಖ್ಯ.

ಇಲ್ಲಿ ಎಲ್ಲಾ ಸರಿ ಇದೆ ಎಂದು ಹೇಳ್ತಿಲ್ಲ. ಜಾತಿ ತಾರತಮ್ಯವನ್ನೂ ಆ ಕಾಯ್ದೆಗೆ ಸೇರಿಸಬೇಕು ಎಂದು 2013ರಲ್ಲಿ ಪಾರ್ಲಿಮೆಂಟೇ ಹೇಳಿತ್ತು. 2018ರಲ್ಲಿ ಸರ್ಕಾರ ಬೇಡ, ಕೋರ್ಟುಗಳೇ ನೋಡಿಕೊಳ್ಳಲಿ ಎಂದು ಕೈಬಿಟ್ಟಿತು. ಬೇಡ ಎಂದು ಓಡಾಡಿದವರಲ್ಲಿ ನಮ್ಮ ಕಡೆಯವರ ಸಂಘಗಳೂ ಇದ್ದವು. ಸಾಗರ ದಾಟಿದರೂ "ನಿಮ್ಮ ಕಡೆ ಯಾರು" ಬಿಡಲಿಲ್ಲ.

ಕಾನೂನು ವಿದ್ಯಾರ್ಥಿ:
ನಮ್ಮಲ್ಲೂ ಇಂಥದ್ದು ಬರಬೇಕಿತ್ತು. ಮುಸ್ಲಿಮರ ಸ್ಥಿತಿಗತಿ ಅಧ್ಯಯನ ಮಾಡಿದ 2006ರ ಸಾಚಾರ್ ಸಮಿತಿ ಸಮಾನ ಅವಕಾಶ ಆಯೋಗ ಬೇಕು ಎಂದು ಶಿಫಾರಸು ಮಾಡಿತು. ಮಾಧವ ಮೆನನ್ ಅವರ ತಜ್ಞರ ತಂಡ 2008ರಲ್ಲಿ ಅದು ಹೇಗಿರಬೇಕು ಎಂದು ಮಸೂದೆ ಸಮೇತ ವರದಿ ಕೊಟ್ಟಿತು. ಆಮೇಲೆ ಕಡತ ಎಲ್ಲೋ ಮಲಗಿಬಿಟ್ಟಿತು. ಶಶಿ ತರೂರ್ ತಾರತಮ್ಯ ವಿರೋಧಿ ಖಾಸಗಿ ಮಸೂದೆ ತಂದಿದ್ದರು, ಅದೂ ಕಾಯ್ದೆ ಆಗಲಿಲ್ಲ.

ನಮ್ಮಲ್ಲಿ ಇರುವುದು ತುಂಡು ತುಂಡು. ಪರಿಶಿಷ್ಟ ಜಾತಿಗೆ 338ನೇ ವಿಧಿಯ ಆಯೋಗ, ಪಂಗಡಕ್ಕೆ 338ಎ, ಹಿಂದುಳಿದ ವರ್ಗಕ್ಕೆ 338ಬಿ. ಮಹಿಳೆಯರಿಗೆ, ಅಲ್ಪಸಂಖ್ಯಾತರಿಗೆ, ಮಕ್ಕಳಿಗೆ ಬೇರೆ ಬೇರೆ. ಇವುಗಳ ಅಧ್ಯಕ್ಷರೆಲ್ಲ ಮಾನವ ಹಕ್ಕುಗಳ ಆಯೋಗದಲ್ಲಿ ಪದನಿಮಿತ್ತ ಸದಸ್ಯರು. ಆದರೆ ದಲಿತ ಹೆಣ್ಣುಮಗಳೊಬ್ಬಳು ಅಂಗವಿಕಲಳೂ ಆಗಿದ್ದರೆ ಯಾವ ಬಾಗಿಲು ತಟ್ಟಬೇಕು? ಅವಳೇ ಲೆಕ್ಕ ಹಾಕಬೇಕು.

ಬೆಣ್ಣೆದೋಸೆ:
ನಾನು ಸುಮ್ನೆ ಬಾಯಿಗೆ ಬಂದಂತೆ ಹೇಳ್ತಿಲ್ಲ. ಮಣಿಪುರದ ಎನ್‌ಕೌಂಟರ್ ಕೇಸಿನಲ್ಲಿ ಆಯೋಗವೇ ಸುಪ್ರೀಂ ಕೋರ್ಟಿನ ಮುಂದೆ ತಾನು ಹಲ್ಲಿಲ್ಲದ ಹುಲಿ ಎಂದು ಹೇಳಿಕೊಂಡಿದ್ದು 2016ರ ತೀರ್ಪಿನಲ್ಲಿದೆ. ಸೈನ್ಯದ ವಿಷಯ ಬಂದರೆ ಕೇಂದ್ರದಿಂದ ವರದಿ ಕೇಳಬಹುದು, ಶಿಫಾರಸು ಮಾಡಬಹುದು, ಅಷ್ಟೇ. ಉಳಿದ ವಿಷಯದಲ್ಲೂ ಶಿಫಾರಸೇ. ಹುಲಿಯೇ ನನಗೆ ಹಲ್ಲಿಲ್ಲ ಎಂದಮೇಲೆ ನಾವು ಯಾಕೆ ಇದೆ ಇದೆ ಎಂದು ವಾದ ಮಾಡಬೇಕು?

ಮಾದಪ್ಪನ ಬೆಟ್ಟದ ಕೆಳಗಿನವ:
ನಾನು ಹನೂರು ಕಡೆಯವನು. ನಮ್ಮ ಕಡೆ ಈ ಆಯೋಗದ ಹೆಸರು ಗೊತ್ತಿರುವುದು ಬೇರೆ ಕಾರಣಕ್ಕೆ, ಸ್ವಲ್ಪ ಉದ್ದ ಬರೀತೀನಿ.

ವೀರಪ್ಪನ್ ಹುಡುಕಾಟದ ಕಾಲದಲ್ಲಿ ಕರ್ನಾಟಕ-ತಮಿಳುನಾಡಿನ ಜಂಟಿ ಕಾರ್ಯಪಡೆ ಬೆಟ್ಟದಲ್ಲಿ ಕ್ಯಾಂಪ್ ಹಾಕಿತ್ತು. ವೀರಪ್ಪನ್ ಕೊಂದ ಪೊಲೀಸರು, ಅರಣ್ಯ ಸಿಬ್ಬಂದಿ ಕಡಿಮೆ ಅಲ್ಲ, ಪಾಲಾರ್ ಸ್ಫೋಟ ನಮ್ಮ ಕಡೆ ಯಾರೂ ಮರೆತಿಲ್ಲ. ಆದರೆ ಅವನಿಗೆ ಅಕ್ಕಿ ಕೊಟ್ಟಿರಿ, ಸುಳಿವು ಬಚ್ಚಿಟ್ಟಿರಿ ಎಂದು ಕಾಡಂಚಿನ ಊರುಗಳ ಸೋಲಿಗರನ್ನು, ತಮಿಳು ಮಾತಾಡುವ ಕೂಲಿಯವರನ್ನು ಎತ್ತಿಕೊಂಡು ಹೋಗುತ್ತಿದ್ದರು. ಬೆಟ್ಟದ ಮೇಲಿನ ಹಿಂಸೆಯ ಜಾಗಕ್ಕೆ ಜನ "ವರ್ಕ್‌ಶಾಪ್" ಅಂತಲೇ ಹೇಳೋರು. ಕರೆಂಟ್ ಕೊಟ್ಟಿದ್ದು, ಹೆಂಗಸರ ಮೇಲೆ ಅತ್ಯಾಚಾರ, ಎಲ್ಲಾ ಬಾಯಿಂದ ಬಾಯಿಗೆ ಇತ್ತು. ಬರೆದಿಟ್ಟವರು ಇರಲಿಲ್ಲ. ಸ್ಟೇಷನ್ನಿಗೆ ಹೋಗಿ ಯಾರ ಮೇಲೆ ದೂರು ಕೊಡೋದು, ಅವರ ಮೇಲೆ ಅವರಿಗೇನಾ?

1999ರಲ್ಲಿ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಅವರು ನಮ್ಮ ಹೈಕೋರ್ಟಿನಲ್ಲಿದ್ದವರು. ಜೊತೆಗೆ ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್. ಅಲ್ಲಿಯವರೆಗೆ ಪೊಲೀಸ್ ಜೀಪ್ ಸದ್ದು ಕೇಳಿದರೆ ಕಾಡಿಗೆ ಓಡುತ್ತಿದ್ದ ಜನ, ಕುರ್ಚಿಯಲ್ಲಿ ಕೂತ ಜಡ್ಜ್ ಮುಂದೆ ನಿಂತು, ತಮಗೆ ಏನಾಯ್ತು ಅಂತ ಹೆಸರು ಹಿಡಿದು ಹೇಳಿದರು. ಎದುರಿಗೆ ಪೊಲೀಸರ ವಕೀಲರೂ ಇದ್ದರು. 2003ರ ಕೊನೆಗೆ ವರದಿ ಬಂತು. 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಎಂದು ಎರಡೂ ಸರ್ಕಾರಕ್ಕೆ ಹೇಳಿತು.

ಸಾಲದು, ನಿಜ. ಪಟ್ಟಿಯಲ್ಲಿ ಹೆಸರಿಲ್ಲದವರು ಇನ್ನೂ ಇದ್ದಾರೆ. ಹಿಂಸೆ ಕೊಟ್ಟವರ ವಿಷಯ ಕೇಳಲೇಬೇಡಿ, ಪದಕ ಸಿಕ್ಕಿತು, ಸೈಟು ಸಿಕ್ಕಿತು. ಆದರೆ "ಅಂಥದ್ದೇನೂ ನಡೆದೇ ಇಲ್ಲ" ಎಂದು ಇವತ್ತು ಯಾರೂ ಹೇಳೋಕಾಗಲ್ಲ. ಅದಕ್ಕೆ ಕಾರಣ ಆ ವರದಿ.

ಹಳೇ ವಕೀಲ:
ಬೆಟ್ಟದ ಕೆಳಗಿನವರು ಬರೆದದ್ದಕ್ಕೆ ಪಕ್ಕದ್ದೊಂದು ಸೇರಿಸುತ್ತೇನೆ. ಧರ್ಮಪುರಿ ಜಿಲ್ಲೆಯ ವಾಚಾತಿ. 1992ರ ಜೂನ್‌ನಲ್ಲಿ ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಆ ಬುಡಕಟ್ಟು ಊರಿನ ಮೇಲೆ ಬಿದ್ದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ. ಸರ್ಕಾರ ಎಲ್ಲಾ ಸುಳ್ಳು ಎಂದಿತು. ಆಗ ಪರಿಶಿಷ್ಟ ಜಾತಿ-ಪಂಗಡಗಳ ರಾಷ್ಟ್ರೀಯ ಆಯೋಗದ ಅಧಿಕಾರಿಯೊಬ್ಬರು ಊರಿಗೇ ಹೋಗಿ ನೋಡಿ ವರದಿ ಕೊಟ್ಟರು. ಕೇಸು ಸಿಬಿಐಗೆ ಹೋಗಲು ಅದು ಆಧಾರ ಆಯ್ತು. 2011ರಲ್ಲಿ, 269 ಆರೋಪಿಗಳಲ್ಲಿ ಬದುಕಿದ್ದ 215 ಜನರಿಗೂ ಶಿಕ್ಷೆ. 2023ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು.

ಎರಡೂ ಕಡೆ ಆಯೋಗಕ್ಕೆ ಇದ್ದದ್ದು ಶಿಫಾರಸಿನ ಅಧಿಕಾರವೇ. ವ್ಯತ್ಯಾಸ ಆಗಿದ್ದು ಆಮೇಲೆ. ಒಂದು ವರದಿ ಕೋರ್ಟಿಗೆ ಹೋಯಿತು, ಇನ್ನೊಂದು ಪರಿಹಾರದ ಚೆಕ್ಕಿನಲ್ಲಿ ನಿಂತಿತು. ಕೋರ್ಟಿಗೆ ಹೋಗುವ ದಾರಿ ಮಾನವ ಹಕ್ಕುಗಳ ಆಯೋಗಕ್ಕೂ ಇದೆ, 18ನೇ ಕಲಂನಲ್ಲಿ. ಒಂದು ಸಲ ಚೆನ್ನಾಗಿಯೇ ಬಳಸಿದ್ದಾರೆ. 2002ರ ಗುಜರಾತ್ ಗಲಭೆಯಲ್ಲಿ ಜನರನ್ನು ಸುಟ್ಟು ಕೊಂದ ವಡೋದರಾದ ಬೆಸ್ಟ್ ಬೇಕರಿ ಕೇಸಿನಲ್ಲಿ 2003ರಲ್ಲಿ ಎಲ್ಲಾ ಆರೋಪಿಗಳು ಖುಲಾಸೆ ಆದಾಗ ಆಯೋಗವೇ ಸುಪ್ರೀಂ ಕೋರ್ಟಿಗೆ ಹೋಯಿತು. 2004ರಲ್ಲಿ ಮರುವಿಚಾರಣೆ ಮಹಾರಾಷ್ಟ್ರದಲ್ಲಿ ಆಗಲಿ ಎಂದು ಆದೇಶ ಬಂತು. ಮುಂಬೈಯಲ್ಲಿ ಶಿಕ್ಷೆಯೂ ಆಯ್ತು. ಆಗ ಅಧ್ಯಕ್ಷರಾಗಿ ಎ.ಎಸ್. ಆನಂದ್ ಇಲ್ಲದಿದ್ದರೆ ಹೋಗುತ್ತಿದ್ದರಾ? ಹೇಳೋದು ಕಷ್ಟ. ಈ ಸಂಸ್ಥೆ ಕುರ್ಚಿಯಲ್ಲಿ ಕೂತವರ ಮೇಲೆ ವಿಪರೀತ ನಿಂತಿದೆ, ಅದೇ ಅದರ ದೊಡ್ಡ ರೋಗ.

ಜಯನಗರ 4ನೇ ಬ್ಲಾಕ್:
ಪೊಲೀಸ್ ಬಿಟ್ಟು ಬೇರೆಯದನ್ನೂ ನೋಡಿ. ನಾನು ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಕೆಲಸ ಮಾಡುವವಳು. ದೇಶದ ಮಾನಸಿಕ ಆಸ್ಪತ್ರೆಗಳು ಹೇಗಿವೆ ನೋಡಿ ಎಂದು ಇದೇ ಆಯೋಗ ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ನಿಮ್ಹಾನ್ಸ್‌ಗೆ ಹೇಳಿತು. 37 ಆಸ್ಪತ್ರೆ ಸುತ್ತಿ 1999ರಲ್ಲಿ ವರದಿ ಬಂತು. ಜೈಲಿನಂಥ ಎತ್ತರದ ಗೋಡೆ, ಕಂಬಿಯ ಕೋಣೆ, ಹಾಸಿಗೆ ಇಲ್ಲದ ನೆಲ, ಬಾಗಿಲಿಲ್ಲದ ಕಕ್ಕಸು. ಗುಣ ಆದವರೂ ಮನೆಯವರು ಬಾರದೆ ಅಲ್ಲೇ ಕೊಳೆಯುತ್ತಿದ್ದರು.

ಅವರಿಗೆ ವೋಟಿಲ್ಲ, ಸಂಘ ಇಲ್ಲ, ಟಿವಿ ಮುಂದೆ ಕೂಗುವವರಿಲ್ಲ. ಒಳಗೆ ಹೋಗಿ ನೋಡುವ ಅಧಿಕಾರ ಇರುವ ಒಂದು ಸಾರ್ವಜನಿಕ ಸಂಸ್ಥೆ ಇಲ್ಲದಿದ್ದರೆ ಆ ಬಾಗಿಲು ತೆರೀತಾನೇ ಇರಲಿಲ್ಲ. ಬದಲಾವಣೆ ನಿಧಾನ, ಎರಡೇ ವರ್ಷದಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಕಟ್ಟಿದ್ದ 28 ಜನ ಬೆಂಕಿಗೆ ಸಿಕ್ಕಿ ಸತ್ತರು. ಅದು ಖಾಸಗಿ ಜಾಗ. ಆದರೂ ಈ ದೇಶದ ಮಾನಸಿಕ ಆಸ್ಪತ್ರೆಗಳ ಬಗ್ಗೆ ಮಾತಾಡುವವರು ಇವತ್ತಿಗೂ ಆ 1999ರ ವರದಿಯಿಂದಲೇ ಶುರು ಮಾಡ್ತಾರೆ.

ಬೆಣ್ಣೆದೋಸೆ:
ಎಲ್ಲಾ ಹಳೇ ಕಥೆ. ಎಂ.ಎನ್. ವೆಂಕಟಾಚಲಯ್ಯ, ಜೆ.ಎಸ್. ವರ್ಮಾ, ಆನಂದ್ ಅಧ್ಯಕ್ಷರಾಗಿದ್ದ ಆ ಕಾಲ ಹೋಯ್ತು. ನಮ್ಮ ರಾಜ್ಯದವರೇ ಮೂರು ಜನ ಅಧ್ಯಕ್ಷರಾಗಿದ್ದಾರೆ, ವೆಂಕಟಾಚಲಯ್ಯ, ರಾಜೇಂದ್ರ ಬಾಬು, ದತ್ತು. ಈಗಿನ ಸ್ಥಿತಿ ಹೇಳಿ. ದೇಶ ದೇಶಗಳ ಮಾನವ ಹಕ್ಕು ಆಯೋಗಗಳ ಜಾಗತಿಕ ಒಕ್ಕೂಟ ನಮ್ಮ ಆಯೋಗದ 'ಎ' ದರ್ಜೆ, ಅಂದರೆ ಪೂರ್ಣ ಮಾನ್ಯತೆಯ ನವೀಕರಣವನ್ನು 2023ರಲ್ಲಿ ಮುಂದೂಡಿತು, 2024ರಲ್ಲಿ ಮತ್ತೆ ಮುಂದೂಡಿತು. ಕಾರಣ ಏನು? ಪೊಲೀಸರ ಮೇಲಿನ ದೂರನ್ನು ತನಿಖೆ ಮಾಡೋರು ಪೊಲೀಸ್ ಅಧಿಕಾರಿಗಳೇ. ಮಹಾ ಕಾರ್ಯದರ್ಶಿ ಸರ್ಕಾರದಿಂದ ಬರ್ತಾರೆ. ಹೆಂಗಸರು, ಅಲ್ಪಸಂಖ್ಯಾತರು ಕಡಿಮೆ. 2019ರ ತಿದ್ದುಪಡಿ ಅವಧಿಯನ್ನು ಐದರಿಂದ ಮೂರು ವರ್ಷಕ್ಕೆ ಇಳಿಸಿತು, ಮೇಲಾಗಿ ಮರುನೇಮಕಕ್ಕೂ ದಾರಿ ಮಾಡಿತು. ಮತ್ತೆ ನೇಮಕ ಬೇಕು ಎನ್ನುವವರು ನೇಮಿಸುವವರ ವಿರುದ್ಧ ಬರೀತಾರಾ?

ಕಾನೂನು ವಿದ್ಯಾರ್ಥಿ:
ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ದೋಸೆಯವರು ಹೇಳಿದ್ದು ಸರಿ ಇದೆ. ಆಯ್ಕೆ ಸಮಿತಿಯಲ್ಲಿ ಪ್ರಧಾನಿ, ಗೃಹ ಸಚಿವರು, ಸ್ಪೀಕರ್, ರಾಜ್ಯಸಭೆಯ ಉಪಸಭಾಪತಿ ಇದ್ದಾರೆ. ವಿರೋಧ ಪಕ್ಷದ ನಾಯಕರು ಇಬ್ಬರು. ಲೆಕ್ಕ ನೀವೇ ಹಾಕಿ.

ಅವರ ಒಂದು ಮಾತನ್ನು ಮಾತ್ರ ತಿದ್ದಬೇಕು. "ಶಿಫಾರಸು ತಾನೇ" ಎನ್ನುವುದು ಈಗ ಪೂರ್ತಿ ನಿಜ ಅಲ್ಲ. ಮದ್ರಾಸ್ ಹೈಕೋರ್ಟಿನ ಪೂರ್ಣ ಪೀಠ 2021ರಲ್ಲಿ, 18ನೇ ಕಲಂನ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುತ್ತೆ ಎಂದಿದೆ. ಅದು ಆ ರಾಜ್ಯದ ಹೈಕೋರ್ಟು, ಎಲ್ಲಾ ಕಡೆ ಹಾಗೇ ನಡೆಯುತ್ತೆ ಎಂದಲ್ಲ.

ಹೊಸಪೇಟೆ ಹುಡುಗಿ:
ಎಲ್ಲಾ ಓದಿದೆ. ಮನೆ ವಿಷಯ ಬಿಟ್ಟೆ, ಆ ಆಂಟಿಗೆ ಒಳ್ಳೇದಾಗಲಿ. ಚಿಕ್ಕಪ್ಪನದು ಬರೆಯೋಣ ಅಂತಿದೀನಿ. ಹೇಗೆ ಬರೀಬೇಕು? ದೆಹಲಿಗಾ, ಬೆಂಗಳೂರಿಗಾ?

ನಿವೃತ್ತ ಗುಮಾಸ್ತ:
ಇಲ್ಲಿ ನನ್ನ ಕೈ ಪಳಗಿದೆ, ಹೇಳ್ತೀನಿ ಕೇಳಮ್ಮ. ಎರಡೂ ಕಡೆ ಕೊಡಬೇಡ. ರಾಜ್ಯ ಆಯೋಗದ ಮುಂದೆ ಇರುವ ವಿಷಯವನ್ನು ರಾಷ್ಟ್ರೀಯ ಆಯೋಗ ಮುಟ್ಟುವ ಹಾಗಿಲ್ಲ. ದೆಹಲಿಗೆ ಕೊಟ್ಟರೂ ಅವರು ಅದನ್ನು ರಾಜ್ಯಕ್ಕೇ ಕಳಿಸಬಹುದು. ನಮ್ಮ ರಾಜ್ಯ ಆಯೋಗ 2007ರಿಂದ ಕೆಲಸ ಮಾಡ್ತಿದೆ, ಎಂ.ಎಸ್. ಬಿಲ್ಡಿಂಗ್‌ನಲ್ಲಿದೆ. ನಡುವೆ ವರ್ಷಗಟ್ಟಲೆ ಅಧ್ಯಕ್ಷರೇ ಇರಲಿಲ್ಲ, ಅದು ಬೇರೆ ಮಾತು. ಹೋಗಿ ಬರಲು ಹತ್ತಿರ ಎಂದು ನಾನಾದರೆ ಅಲ್ಲೇ ಕೊಡ್ತೀನಿ.

ಫೀಸು ಇಲ್ಲ, ವಕೀಲರು ಬೇಕಿಲ್ಲ. ಕನ್ನಡದಲ್ಲೇ ಬರಿ. ದೆಹಲಿ ಆಯೋಗವೂ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ದೂರು ತಗೊಳ್ಳುತ್ತೆ, ಆನ್‌ಲೈನ್ ಇದೆ, 14433ಕ್ಕೆ ಫೋನೂ ಮಾಡಬಹುದು. ಒಂದೇ ಪುಟ ಸಾಕು. ಜನ "ಸ್ವಾಮಿ, ನಮಗೆ ಅನ್ಯಾಯವಾಗಿದೆ, ದೇಶದಲ್ಲಿ ಬಡವರಿಗೆ ನ್ಯಾಯವಿಲ್ಲ" ಎಂದು ಶುರು ಮಾಡಿ ನಾಲ್ಕು ಪುಟ ಬರೀತಾರೆ. ತಾರೀಖು ಹುಡುಕಿದರೆ ಸಿಗಲ್ಲ. ನೀನು ಹೀಗೆ ಬರಿ: ಇಂಥ ದಿನ, ಇಷ್ಟು ಗಂಟೆಗೆ, ಇಂಥ ಜೀಪಿನಲ್ಲಿ, ಇಂಥ ಹುದ್ದೆಯ ಇಂಥವರು ಕರೆದೊಯ್ದರು. ನೋಡಿದವರು ಇಂಥವರು. ಬಿಟ್ಟದ್ದು ಇಂಥ ದಿನ. ಗಾಯ ಎಲ್ಲಿ, ಆಸ್ಪತ್ರೆ ಚೀಟಿ ಯಾವುದು. ಕೊನೆಗೆ ಏನು ಬೇಕು, ಪರಿಹಾರವಾ, ಇಲಾಖಾ ವಿಚಾರಣೆಯಾ, ಎಫ್‌ಐಆರ್ ಆ? ಕೇಳದಿದ್ದರೆ ಕೊಡೋರಿಲ್ಲ.

ಇನ್ನು ಮುಖ್ಯದ್ದು. ಎಷ್ಟೋ ದೂರುಗಳಿಗೆ ಒಂದೇ ಸಾಲಿನ ಆದೇಶ ಬರುತ್ತೆ: ಸಂಬಂಧಪಟ್ಟ ಅಧಿಕಾರಿ ಎಂಟು ವಾರದಲ್ಲಿ ಕ್ರಮ ತಗೊಳ್ಳಲಿ, ದೂರು ಮುಗಿಯಿತು. ದೂರು ಚೀಟಿ ಸುತ್ತಿ ಬಂದು ಅದೇ ಎಸ್‌ಪಿ ಆಫೀಸಿಗೇ ಬೀಳುತ್ತೆ. ಪರವಾಗಿಲ್ಲ, ಆ ಆದೇಶದ ಪ್ರತಿ ಹಿಡಿದು ಹೋಗಿ ಸ್ವೀಕೃತಿ ತಗೋ. ಅಂಥ ಆದೇಶ ಬರದಿದ್ದರೆ ಆಯೋಗ ಪೊಲೀಸರಿಂದ ವರದಿ ತರಿಸಿಕೊಳ್ಳುತ್ತೆ. ವರದಿಯಲ್ಲಿ "ಆರೋಪ ಸಾಬೀತಾಗಿಲ್ಲ, ಅವರನ್ನು ಠಾಣೆಗೆ ಕರೆತಂದೇ ಇಲ್ಲ" ಎಂದಿರುತ್ತೆ, ಬರೆದಿಟ್ಟುಕೋ. ಅದರ ಪ್ರತಿಯನ್ನು ನಿಮಗೆ ಕಳಿಸಿ, ನಿಮ್ಮ ಅಭಿಪ್ರಾಯ ತಿಳಿಸಿ ಎಂದು ಕೇಳ್ತಾರೆ. ಕೇಸು ಸಾಯೋದು ಇಲ್ಲೇ. ಜನ ಆ ಕಾಗದಕ್ಕೆ ಉತ್ತರವನ್ನೇ ಬರೆಯಲ್ಲ. ದೂರುದಾರರಿಗೆ ಹೇಳಲು ಏನೂ ಇಲ್ಲ ಎಂದು ಫೈಲು ಮುಚ್ಚಿಬಿಡ್ತಾರೆ. ಹಾಗಾಗಿ ವಿಳಾಸ ಸರಿ ಕೊಡು, ಪೋಸ್ಟ್‌ಮನ್‌ಗೆ ಹೇಳಿಡು, ಬಂದ ತಕ್ಷಣ ಸಾಲು ಸಾಲಿಗೆ ಉತ್ತರ ಬರಿ.

ಬೆಣ್ಣೆದೋಸೆ:
ನೋಡಿ, ಇದನ್ನೇ ನಾನು ಹೇಳಿದ್ದು. ಪೊಲೀಸರ ಮೇಲೆ ದೂರು, ಪೊಲೀಸರಿಂದಲೇ ವರದಿ.

ನಿವೃತ್ತ ಗುಮಾಸ್ತ:
ಹೌದಪ್ಪ. ಆದರೆ ಆ ವರದಿಗೆ ಒಬ್ಬ ಅಧಿಕಾರಿ ಸಹಿ ಹಾಕಬೇಕು. ಬಾಯಲ್ಲಿ ಇಲ್ಲ ಎನ್ನೋದು ಬೇರೆ, ಸಹಿ ಹಾಕಿ ಇಲ್ಲ ಎನ್ನೋದು ಬೇರೆ. ನಾಳೆ ಹೈಕೋರ್ಟಿನಲ್ಲಿ ಅದೇ ಕಾಗದ ಅವರಿಗೇ ತಿರುಗುತ್ತೆ.

ಹೊಸಪೇಟೆ ಹುಡುಗಿ:
ಚಿಕ್ಕಪ್ಪ ಹೆದರಿಕೊಂಡಿದ್ದಾರೆ. ಹೆಸರು ಹಾಕದೆ ಕೊಡಬಹುದಾ?

ಹಳೇ ವಕೀಲ:
ಹೆಸರಿಲ್ಲದ ದೂರನ್ನು ಆಯೋಗ ತಗೊಳ್ಳಲ್ಲ. ಆದರೆ ದೂರುದಾರರು ಅವರೇ ಆಗಬೇಕಿಲ್ಲ, ಅವರ ಪರವಾಗಿ ನೀವು ಕೊಡಬಹುದು. ಅವರ ಹೆಸರು ಒಳಗೆ ಬಂದೇ ಬರುತ್ತೆ, ಸುಳ್ಳು ಧೈರ್ಯ ಹೇಳಲ್ಲ. ಹೆದರಿಸಲು ಯಾರಾದರೂ ಮನೆಗೆ ಬಂದರೆ ಆ ದಿನವೇ ಅದನ್ನೂ ಬರೆದು ಅದೇ ಕೇಸ್ ನಂಬರಿಗೆ ಸೇರಿಸಿ.

ಇನ್ನೊಂದು, ಇದು ತುರ್ತು. ಎಲ್ಲಾ ಪೊಲೀಸ್ ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು ಉಳಿಸಿಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಕೇಸಿನಲ್ಲಿ ಆದೇಶ ಮಾಡಿದೆ. ಠಾಣೆಯಲ್ಲಿ ಹಲ್ಲೆ ಆಗಿ ಗಂಭೀರ ಗಾಯ ಆಗಿದ್ದರೆ ರಾಜ್ಯ ಆಯೋಗ ಆ ದೃಶ್ಯ ತರಿಸಿಕೊಳ್ಳಬಹುದು ಎಂದೂ ಅದರಲ್ಲೇ ಇದೆ. ದೂರಿನಲ್ಲಿ ಆ ಎರಡು ದಿನದ ತಾರೀಖು, ಗಂಟೆ ಹಾಕಿ, ದೃಶ್ಯ ಅಳಿಸದಂತೆ ತಕ್ಷಣ ಆದೇಶ ಮಾಡಿ ಎಂದು ಮೊದಲ ಕೋರಿಕೆಯಾಗಿ ಬರೆಯಿರಿ. ಪರಿಹಾರದ ಮಾತು ಆಮೇಲೆ.

ಹೊಸಪೇಟೆ ಹುಡುಗಿ:
ಬಾಗಿಲ ಹತ್ರ ಒಂದು ಕ್ಯಾಮೆರಾ ಇರೋದು ನಾನೇ ನೋಡಿದೀನಿ. ಓಡ್ತಿದೆಯೋ ಇಲ್ವೋ ಗೊತ್ತಿಲ್ಲ.

ನಿವೃತ್ತ ಗುಮಾಸ್ತ:
"ಕೆಟ್ಟಿತ್ತು" ಅಂತಲೇ ಬರೀತಾರೆ. ಯಾವ ದಿನದಿಂದ ಕೆಟ್ಟಿತ್ತು, ರಿಪೇರಿಗೆ ಯಾವಾಗ ಬರೆದಿದ್ದೀರಿ ಎಂದು ಮಾಹಿತಿ ಹಕ್ಕಿನಲ್ಲಿ ಈಗಲೇ ಒಂದು ಅರ್ಜಿ ಹಾಕು. ದೂರಿನ ಜೊತೆಜೊತೆಗೇ, ಕಾಯಬೇಡ.